‘ಲೇಟ್’ ಪದವನ್ನು ಇಂಗ್ಲಿಷ್‌ನಲ್ಲಿ ತಪ್ಪಿಲ್ಲದೆ ಬಳಸುವುದು ಹೇಗೆ? ಹಂತ ಹಂತವಾಗಿ

‘ಲೇಟ್’ ಗೊತ್ತಿಲ್ಲದವರು ಯಾರಿದ್ದಾರೆ? ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಬೆಳಗ್ಗೆ ಎದ್ದಾಗಿನಿಂದ ಈ ಪದ ಹೇಳುತ್ತಲೇ ಇರುತ್ತಾರೆ. ‘ಲೇಟಾಯ್ತು’, ‘ಲೇಟ್ ಮಾಡ್ಬೇಡ’, ‘ಲೇಟಾಗಿ ಬಂದ.’ ತೊಂದರೆ ಶುರುವಾಗುವುದೇ ಇಲ್ಲಿಂದ. ಕನ್ನಡದಲ್ಲಿ ಪಳಗಿದ ಪದವನ್ನು ಇಂಗ್ಲಿಷ್ ವಾಕ್ಯಕ್ಕೆ ಹಾಗೇ ಎತ್ತಿ ಇಡುತ್ತೇವೆ. ‘ಬಸ್ ಮೇಡ್ ಲೇಟ್’, ‘ಸಾರಿ ಫಾರ್ ಲೇಟ್’, ‘ಯೆಸ್ಟರ್‌ಡೇ ಲೇಟ್ ನೈಟ್’ ಎಂಬ ಸಾಲುಗಳು ಆಫೀಸಿನ ಮೆಸೇಜ್‌ಗಳಲ್ಲಿ, ಕಾಲೇಜಿನ ಅರ್ಜಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದೆರಡು ಕಡೆ ಈ ತಪ್ಪು ಬದುಕಿರುವವರನ್ನೇ ತೀರಿಕೊಂಡವರ ಸಾಲಿಗೆ ಸೇರಿಸಿಬಿಡುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತ ಗಟ್ಟಿಯಾಗದೆ ಆರನೆಯದಕ್ಕೆ ಹಾರಬೇಡಿ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಫೋನಿನಲ್ಲಿ ಒಳ್ಳೆಯ ಡಿಕ್ಷನರಿ. ಡಿಕ್ಷನರಿ ಮಾತ್ರ ‘ಲರ್ನರ್ಸ್ ಡಿಕ್ಷನರಿ’ಯೇ ಆಗಿರಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರದ್ದೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್-ಕನ್ನಡ ನಿಘಂಟು ‘ತಡವಾದ, ದಿವಂಗತ’ ಎಂದು ಅರ್ಥ ಕೊಡುತ್ತದೆ. ಯಾವ ಅರ್ಥ ವಾಕ್ಯದ ಯಾವ ಜಾಗದಲ್ಲಿ ಬರುತ್ತದೆ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಲರ್ನರ್ಸ್ ಡಿಕ್ಷನರಿಯಲ್ಲಿ ‘ನಾಮಪದದ ಮುಂಚೆ ಮಾತ್ರ’ ಎಂಬಂಥ ಸೂಚನೆಗಳಿರುತ್ತವೆ. ನಮಗೆ ಬೇಕಾದದ್ದು ಅದೇ.

ಹಂತ 1: ನಿಮ್ಮದೇ ವಾಕ್ಯಗಳನ್ನು ಹೊರಗೆ ತೆಗೆಯಿರಿ

ವಾಟ್ಸ್ಆ್ಯಪ್‌ನ ಹುಡುಕುವ ಜಾಗದಲ್ಲಿ ‘ಲೇಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಇಮೇಲ್‌ನಲ್ಲೂ ಹಾಗೇ ಹುಡುಕಿ. ನೀವೇ ಕಳಿಸಿದ ಹತ್ತು ಸಾಲುಗಳನ್ನು ನೋಟ್‌ಬುಕ್‌ನ ಎಡಗಡೆ ಪುಟಕ್ಕೆ ಇಳಿಸಿಕೊಳ್ಳಿ. ಬಲಗಡೆ ಪುಟ ಸದ್ಯಕ್ಕೆ ಖಾಲಿ ಇರಲಿ.

ಸುಮ್ನೆ ನಿಯಮ ಓದಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ನಿಮ್ಮ ಕೈಯಿಂದಲೇ ಬಂದ ಸಾಲು ತಿದ್ದಿದರೆ ಉಳಿಯುತ್ತದೆ. ಇಳಿಸಿಕೊಳ್ಳುವಾಗ ಏನನ್ನೂ ತಿದ್ದಬೇಡಿ, ಕಾಗುಣಿತದ ತಪ್ಪನ್ನು ಕೂಡ.

ಹಂತ 2: ಮೊದಲು ಜಾಗ ನೋಡಿ, ಆಮೇಲೆ ಅರ್ಥ

‘ಲೇಟ್’ ಇಂಗ್ಲಿಷ್‌ನಲ್ಲಿ ಗುಣವಾಚಕವೂ ಹೌದು, ‘ಹಿ ಕೇಮ್ ಲೇಟ್’ ಎನ್ನುವಾಗ ಕ್ರಿಯಾವಿಶೇಷಣವೂ ಹೌದು. ಗುಣವಾಚಕವಾಗಿ ಅದು ನಿಲ್ಲುವ ಜಾಗ ಎರಡು. ಒಂದು, ‘ಈಸ್, ಆಮ್, ಆರ್, ವಾಸ್’ ಇವುಗಳಾದ ಮೇಲೆ. ಇನ್ನೊಂದು, ನಾಮಪದದ ಮುಂಚೆ. ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ.

‘ದ ಮ್ಯಾನೇಜರ್ ಈಸ್ ಲೇಟ್’ ಅಂದರೆ ಮ್ಯಾನೇಜರ್ ಇನ್ನೂ ಬಂದಿಲ್ಲ. ‘ದ ಲೇಟ್ ಮ್ಯಾನೇಜರ್’ ಅಂದರೆ ಮ್ಯಾನೇಜರ್ ತೀರಿಕೊಂಡಿದ್ದಾರೆ. ಅವೇ ಪದಗಳು, ಜಾಗವಷ್ಟೇ ಬೇರೆ.

ಆದ್ದರಿಂದ ಪೆನ್ಸಿಲ್ ಹಿಡಿದು ನಿಮ್ಮ ಹತ್ತು ಸಾಲುಗಳಲ್ಲೂ ‘ಲೇಟ್’ ಪದಕ್ಕೆ ಸುತ್ತು ಹಾಕಿ. ಅದರ ಬಲಗಡೆ ಏನಿದೆ ನೋಡಿ. ಬಲಗಡೆ ಮನುಷ್ಯರನ್ನು ಸೂಚಿಸುವ ಪದವಿದ್ದರೆ (ಫಾದರ್, ಮ್ಯಾನೇಜರ್, ಟೀಚರ್) ಅದು ಸಾವಿನ ಅರ್ಥ. ಹಾಗೆ ಹೇಳುವುದು ನಿಮ್ಮ ಉದ್ದೇಶವಲ್ಲದಿದ್ದರೆ ವಾಕ್ಯವನ್ನು ತಕ್ಷಣ ಬದಲಿಸಿ. ಬಲಗಡೆ ವಸ್ತು ಅಥವಾ ಕೆಲಸದ ಹೆಸರಿದ್ದರೆ (ಫೀಸ್, ಪೇಮೆಂಟ್, ರಿಪ್ಲೈ) ತಡ ಎಂಬ ಅರ್ಥವೇ ಸಿಗುತ್ತದೆ, ಭಯವಿಲ್ಲ. ಬಲಗಡೆ ಕಾಲದ ಹೆಸರಿದ್ದರೆ (ಈವ್ನಿಂಗ್, ಸೆಪ್ಟೆಂಬರ್) ಆ ಕಾಲದ ಕೊನೆಯ ಭಾಗ ಎಂದರ್ಥ. ಇದನ್ನು ಐದನೇ ಹಂತದಲ್ಲಿ ನೋಡೋಣ.

ಎಚ್ಚರಿಕೆ: ನೋಟಿಸ್ ಬೋರ್ಡ್‌ಗೆ ‘ಲೇಟ್ ಸ್ಟೂಡೆಂಟ್ಸ್ ವಿಲ್ ನಾಟ್ ಬಿ ಅಲೋಡ್’ ಎಂದು ಬರೆಯುವವರಿದ್ದಾರೆ. ಓದಿದವರಿಗೆ ಸಂದರ್ಭದಿಂದ ವಿಷಯ ಗೊತ್ತಾಗುತ್ತದೆ, ನಿಜ. ಆದರೂ ಕಿವಿಗೆ ಕೆಟ್ಟದಾಗಿ ಬೀಳುತ್ತದೆ. ‘ಸ್ಟೂಡೆಂಟ್ಸ್ ಹೂ ಆರ್ ಲೇಟ್’ ಅಥವಾ ‘ಲೇಟ್‌ಕಮರ್ಸ್’ ಎಂದು ಬರೆಯಿರಿ.

ಹಂತ 3: ‘ಆಗು’, ‘ಮಾಡು’ ಎರಡನ್ನೂ ಕಳಚಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ಕನ್ನಡದಲ್ಲಿ ‘ಲೇಟ್’ ಜೊತೆಗೆ ಸಲೀಸಾಗಿ ‘ಆಗು’, ‘ಮಾಡು’ ಸೇರಿಸುತ್ತೇವೆ. ಇಂಗ್ಲಿಷ್‌ನಲ್ಲಿ ‘ಲೇಟ್’ ಅನ್ನು ಯಾರೂ ‘ಮಾಡುವುದಿಲ್ಲ’. ಜನ, ರೈಲು, ಸಂಬಳ ಲೇಟ್ ಆಗಿ ‘ಇರುತ್ತವೆ’.

‘ಲೇಟ್ ಮಾಡ್ಬೇಡ’ ಎನ್ನಲು ‘ಡೋಂಟ್ ಮೇಕ್ ಲೇಟ್’ ಬೇಡ. ‘ಡೋಂಟ್ ಬಿ ಲೇಟ್’ ಅನ್ನಿ. ಕೆಲಸವನ್ನು ಮುಂದೂಡಬೇಡ ಎಂಬ ಅರ್ಥವಿದ್ದರೆ ‘ಡೋಂಟ್ ಡಿಲೇ ಇಟ್’.

‘ಬಸ್ ಲೇಟ್ ಮಾಡಿತು’ ಎನ್ನಲು ‘ದ ಬಸ್ ವಾಸ್ ಲೇಟ್’. ಬಸ್ಸಿನಿಂದ ನಿಮಗೆ ತಡವಾಯಿತು ಅನ್ನುವುದಾದರೆ ‘ದ ಬಸ್ ಮೇಡ್ ಮಿ ಲೇಟ್’. ಇಲ್ಲಿ ‘ಮೇಡ್’ ಸರಿ, ಯಾಕೆಂದರೆ ನಡುವೆ ‘ಮಿ’ ಇದೆ. ಯಾರನ್ನು ತಡಮಾಡಿತು ಎಂದು ಹೇಳದೆ ‘ಮೇಡ್ ಲೇಟ್’ ಎಂದು ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ.

‘ಹೊತ್ತಾಯ್ತು, ಬರ್ತೀನಿ’ ಎನ್ನಲು ‘ಇಟ್ಸ್ ಗೆಟಿಂಗ್ ಲೇಟ್, ಐ ಶುಡ್ ಗೋ’. ಇಲ್ಲಿ ‘ಇಟ್ಸ್’ ಹೇಳುವುದು ಹೊತ್ತಿನ ಬಗ್ಗೆ.

‘ನಂಗೆ ಲೇಟಾಗ್ತಿದೆ’ ಎನ್ನಲು ನಮ್ಮಲ್ಲಿ ಎಲ್ಲರೂ ‘ಐ ಆಮ್ ಗೆಟಿಂಗ್ ಲೇಟ್’ ಅನ್ನುತ್ತಾರೆ. ಭಾರತದೊಳಗೆ ಇದು ನಡೆಯುತ್ತದೆ. ಹೊರದೇಶದ ಕ್ಲೈಂಟ್ ಜೊತೆ ಮಾತಾಡುವಾಗ ‘ಐ ಆಮ್ ರನ್ನಿಂಗ್ ಲೇಟ್’ ಎಂದೇ ಹೇಳಿ. ರೈಲ್ವೆ ಸ್ಟೇಷನ್ನಿನ ಇಂಗ್ಲಿಷ್ ಅನೌನ್ಸ್‌ಮೆಂಟಿನಲ್ಲೂ ರೈಲು ‘ರನ್ನಿಂಗ್ ಲೇಟ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ರೈಲಿಗೆ ಹೇಗೋ ಮನುಷ್ಯರಿಗೂ ಹಾಗೇ. ನಿಗದಿತ ವೇಳೆಗಿಂತ ಹಿಂದೆ ಬಿದ್ದಿದ್ದೇನೆ ಎಂದರ್ಥ.

ಇನ್ನೊಂದು ದೊಡ್ಡ ಗುಂಡಿ ‘ಟೂ ಲೇಟ್’. ತುಂಬಾ ಲೇಟು ಎನ್ನಲು ನಾವು ‘ಟೂ’ ಹಾಕಿಬಿಡುತ್ತೇವೆ. ‘ವೆರಿ ಲೇಟ್’ ಅಂದರೆ ಬಹಳ ತಡ, ಆದರೂ ಕೆಲಸ ಆದೀತು. ‘ಟೂ ಲೇಟ್’ ಅಂದರೆ ಕಾಲ ಮೀರಿತು, ಇನ್ನು ಪ್ರಯೋಜನವಿಲ್ಲ. ರೋಗಿಯ ಮನೆಯವರಿಗೆ ‘ಯು ಕೇಮ್ ಟೂ ಲೇಟ್’ ಅಂದರೆ ಅವರ ಎದೆ ಒಡೆದುಹೋಗುತ್ತದೆ. ಹೇಳಬೇಕಾದದ್ದು ‘ಸ್ವಲ್ಪ ಮುಂಚೆ ಬರಬೇಕಿತ್ತು’ ಎಂದಷ್ಟೇ ಆಗಿದ್ದರೆ ‘ಯು ಶುಡ್ ಹ್ಯಾವ್ ಕಮ್ ಅರ್ಲಿಯರ್’ ಅನ್ನಿ.

ತಪ್ಪಿನ ಗುರುತು: ನಿಮ್ಮ ಸಾಲಿನಲ್ಲಿ ‘ಲೇಟ್’ ಎಡಕ್ಕೆ ‘ಮೇಕ್, ಡು, ಬಿಕಮ್’ ಇವುಗಳಲ್ಲಿ ಯಾವುದಾದರೂ ಅಂಟಿಕೊಂಡು ಕೂತಿದ್ದರೆ ಅದು ಕನ್ನಡದಿಂದ ಹಾಗೇ ಇಳಿದುಬಂದ ವಾಕ್ಯ ಎಂದುಕೊಳ್ಳಿ. ಬಲಗಡೆ ಪುಟದಲ್ಲಿ ಹೊಸದಾಗಿ ಬರೆಯಿರಿ.

ಹಂತ 4: ಎಷ್ಟು ಲೇಟು, ಯಾವುದಕ್ಕೆ ಲೇಟು

ಎಷ್ಟು ಎನ್ನುವುದು ನಮಗೆ ಸುಲಭ. ‘ಹತ್ತು ನಿಮಿಷ ಲೇಟು’ ಎಂಬ ಕ್ರಮವೇ ಇಂಗ್ಲಿಷ್‌ನಲ್ಲೂ ಇದೆ: ‘ಟೆನ್ ಮಿನಿಟ್ಸ್ ಲೇಟ್’. ‘ಲೇಟ್ ಬೈ ಟೆನ್ ಮಿನಿಟ್ಸ್’ ಕೂಡ ತಪ್ಪಲ್ಲ. ಎರಡನ್ನೂ ಕಲಸಿ ‘ಟೆನ್ ಮಿನಿಟ್ಸ್ ಬೈ ಲೇಟ್’ ಮಾಡಬೇಡಿ.

ಯಾವುದಕ್ಕೆ ಎನ್ನುವಲ್ಲಿ ‘ಫಾರ್’ ಬರುತ್ತದೆ. ‘ಲೇಟ್ ಫಾರ್ ವರ್ಕ್’, ‘ಲೇಟ್ ಫಾರ್ ದ ಎಕ್ಸಾಮ್’. ಕನ್ನಡದ ‘ಗೆ’ ನೋಡಿ ‘ಟು’ ಹಾಕುವ ಅಭ್ಯಾಸ ಜಾಸ್ತಿ. ‘ಲೇಟ್ ಟು ದ ಮೀಟಿಂಗ್’ ಎನ್ನುವವರು ಅಮೆರಿಕದಲ್ಲಿದ್ದಾರೆ, ಆದರೂ ‘ಫಾರ್’ ಎಲ್ಲ ಕಡೆಯೂ ಸಲ್ಲುತ್ತದೆ. ಅದನ್ನೇ ರೂಢಿಸಿಕೊಳ್ಳಿ.

ಕೊಡಬೇಕಾದದ್ದನ್ನು ಕೊಡಲು ತಡವಾದರೆ ‘ವಿತ್’. ಮನೆ ಬಾಡಿಗೆ ತಡವಾಗಿದೆ: ‘ಐ ಆಮ್ ಲೇಟ್ ವಿತ್ ದ ರೆಂಟ್’. ಕ್ರಿಯಾಪದ ಬಂದರೆ ‘ಇನ್’: ಸೆಸ್ಕ್‌ನ ಕರೆಂಟ್ ಬಿಲ್ ಕಟ್ಟಲು ತಡವಾಯಿತು ಎನ್ನಲು ‘ವಿ ವರ್ ಲೇಟ್ ಇನ್ ಪೇಯಿಂಗ್ ದ ಬಿಲ್’.

ಇನ್ನು ಕ್ಷಮೆ ಕೇಳುವ ಸಾಲು. ‘ಸಾರಿ ಫಾರ್ ಲೇಟ್’ ತಪ್ಪು. ‘ಫಾರ್’ ಆದ ಮೇಲೆ ಒಂದು ಹೆಸರು ಬೇಕು, ‘ಲೇಟ್’ ಹೆಸರಲ್ಲ. ಆದ್ದರಿಂದ ‘ಸಾರಿ, ಐ ಆಮ್ ಲೇಟ್’, ‘ಸಾರಿ ಫಾರ್ ಬೀಯಿಂಗ್ ಲೇಟ್’, ‘ಸಾರಿ ಫಾರ್ ದ ಲೇಟ್ ರಿಪ್ಲೈ’, ‘ಸಾರಿ ಫಾರ್ ದ ಡಿಲೇ’. ನಾಲ್ಕೂ ಸರಿ. ಮೇಲಧಿಕಾರಿಗೆ ಬರೆಯುವಾಗ ನಾಲ್ಕನೆಯದು ಚೆನ್ನ.

ಹಂತ 5: ಹೊತ್ತು, ತಿಂಗಳು, ವಯಸ್ಸು, ಶತಮಾನ

ಇಲ್ಲಿ ಯಾರೂ ತಡ ಮಾಡಿಲ್ಲ. ಒಂದು ಅವಧಿಯ ಕೊನೆಯ ಭಾಗವನ್ನು ತೋರಿಸಲು ‘ಲೇಟ್’ ಬರುತ್ತದೆ. ‘ಷಿ ಈಸ್ ಇನ್ ಹರ್ ಲೇಟ್ ಟ್ವೆಂಟೀಸ್’ ಅಂದರೆ ಆಕೆಗೆ ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತರ ಆಸುಪಾಸು. ದಸರಾ ಒಮ್ಮೊಮ್ಮೆ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ: ‘ಇನ್ ಲೇಟ್ ಸೆಪ್ಟೆಂಬರ್’. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು: ‘ಇನ್ ದ ಲೇಟ್ ನೈನ್ಟೀನ್ತ್ ಸೆಂಚುರಿ’. ಈಗಿನ ಅರಮನೆ ಮುಗಿದದ್ದು 1912ರಲ್ಲಿ, ಅದಕ್ಕೆ ‘ಅರ್ಲಿ ಟ್ವೆಂಟಿಯತ್ ಸೆಂಚುರಿ’ ಎನ್ನಬೇಕು. ‘ಲೇಟ್’ ಎದುರಿಗೆ ನಿಲ್ಲುವ ಪದ ‘ಅರ್ಲಿ’.

ಗಮನಿಸಿ, ತಿಂಗಳಿಗೆ ‘ದ’ ಬೇಡ. ಶತಮಾನಕ್ಕೆ, ದಶಕಕ್ಕೆ ‘ದ’ ಬೇಕು. ವಯಸ್ಸಿಗೆ ‘ಹಿಸ್, ಹರ್, ಮೈ’ ಬೇಕು.

‘ಯೆಸ್ಟರ್‌ಡೇ ಲೇಟ್ ನೈಟ್’ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ನಿನ್ನೆ ತಡರಾತ್ರಿ ಎಂಬುದರ ನೇರ ಅನುವಾದ ಅದು. ಇಂಗ್ಲಿಷ್‌ನಲ್ಲಿ ‘ಲೇಟ್ ಲಾಸ್ಟ್ ನೈಟ್’. ನಿನ್ನೆಯ ರಾತ್ರಿಗೆ ‘ಲಾಸ್ಟ್ ನೈಟ್’ ಎಂಬ ಹೆಸರು ಮೊದಲೇ ಇದೆ, ಅದರ ಮುಂದೆ ‘ಲೇಟ್’ ಇಟ್ಟರೆ ಸಾಕು. ದಿನಾ ತಡರಾತ್ರಿ ಎನ್ನಲು ‘ಲೇಟ್ ಅಟ್ ನೈಟ್’.

ರೈತರ ವಿಷಯ ಬರೆಯುವವರಿಗೆ ಒಂದು ಮಾತು. ‘ಲೇಟ್ ಮಾನ್ಸೂನ್’ ಎಂದಷ್ಟೇ ಬರೆದರೆ ಎರಡು ಅರ್ಥ ಬರುತ್ತದೆ: ಮುಂಗಾರು ತಡವಾಗಿ ಬಂತು ಎಂದೂ ಆಗಬಹುದು, ಮುಂಗಾರಿನ ಕೊನೆಯ ದಿನಗಳು ಎಂದೂ ಆಗಬಹುದು. ಬಿತ್ತನೆ ವಿಷಯದಲ್ಲಿ ಈ ಎರಡಕ್ಕೂ ಅಜಗಜಾಂತರ. ‘ದ ಮಾನ್ಸೂನ್ ಅರೈವ್ಡ್ ಲೇಟ್’ ಎಂದು ಬಿಡಿಸಿ ಬರೆಯಿರಿ.

ಹಂತ 6: ತೀರಿಕೊಂಡವರ ಹೆಸರಿನ ಮುಂದೆ

ಈ ಹಂತದಲ್ಲಿ ಅವಸರ ಬೇಡ. ಮೆಸೇಜ್‌ನಲ್ಲಿ ತಪ್ಪಾದರೆ ಇನ್ನೊಂದು ಕಳಿಸಬಹುದು. ಐನೂರು ಮದುವೆ ಕಾರ್ಡ್ ಪ್ರಿಂಟ್ ಆದ ಮೇಲೆ ಏನು ಮಾಡುತ್ತೀರಿ?

ಮೊದಲನೆಯದು, ‘ಲೇಟ್’ ಒಂಟಿಯಾಗಿ ಬರುವುದಿಲ್ಲ. ಅದರ ಮುಂಚೆ ‘ದ’ ಅಥವಾ ‘ಮೈ, ಅವರ್, ಹಿಸ್, ಹರ್’ ಬೇಕು. ‘ಮೈ ಲೇಟ್ ಫಾದರ್’, ‘ಸನ್ ಆಫ್ ದ ಲೇಟ್ ಶ್ರೀ’ ಎಂದು ಬರೆದು ಮುಂದೆ ಹೆಸರು. ನಮ್ಮ ಕಡೆ ಪಹಣಿಯಲ್ಲಿ, ಕ್ರಯಪತ್ರದಲ್ಲಿ ‘ಬಿನ್ ಲೇಟ್’ (ಇಂಥವರ ಮಗ), ‘ಕೋಂ ಲೇಟ್’ (ಇಂಥವರ ಹೆಂಡತಿ) ಎಂದು ಬರೆಯುವ ರೂಢಿಯಿದೆ. ಅದು ಕನ್ನಡ ದಾಖಲೆಯ ಪದ್ಧತಿ, ಅಲ್ಲಿ ಸರಿ. ಇಂಗ್ಲಿಷ್ ವಾಕ್ಯ ಬರೆಯುವಾಗ ‘ದ’ ಬಿಡಬೇಡಿ.

ಎರಡನೆಯದು, ದಂಪತಿಯಲ್ಲಿ ಒಬ್ಬರು ಮಾತ್ರ ತೀರಿಕೊಂಡಿದ್ದಾಗ. ತಾಯಿ ಇಲ್ಲ, ತಂದೆ ಇದ್ದಾರೆ ಎಂದುಕೊಳ್ಳಿ. ಕಾರ್ಡಿನಲ್ಲಿ ‘ಲೇಟ್ ಶ್ರೀಮತಿ... ಅಂಡ್ ಶ್ರೀ...’ ಎಂದು ಹಾಕಿದರೆ, ಓದುವವರಿಗೆ ‘ಲೇಟ್’ ಇಬ್ಬರಿಗೂ ಅಂಟಿದಂತೆ ಕಾಣುತ್ತದೆ. ಇದ್ದವರ ಹೆಸರು ಮೊದಲು ಬರಲಿ: ‘ಶ್ರೀ... ಅಂಡ್ ದ ಲೇಟ್ ಶ್ರೀಮತಿ...’ ಹೀಗೆ ಬರೆದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ. ಪ್ರೆಸ್‌ನವರು ಕಳಿಸುವ ಪ್ರೂಫ್‌ನಲ್ಲಿ ಬೇರೆ ಏನು ನೋಡದಿದ್ದರೂ ಈ ಸಾಲನ್ನು ಬೆರಳಿಟ್ಟು ಓದಿ. ಮನೆಯ ಹಿರಿಯರೊಬ್ಬರಿಗೂ ಓದಿಸಿ.

ಮೂರನೆಯದು, ಕೆಲಸ ಬಿಟ್ಟವರು, ನಿವೃತ್ತರಾದವರು. ಅವರಿಗೆ ‘ಫಾರ್ಮರ್’ ಅಥವಾ ‘ರಿಟೈರ್ಡ್’. ಶಾಲೆಯ ಕಾರ್ಯಕ್ರಮಕ್ಕೆ ನಿವೃತ್ತ ಹೆಡ್‌ಮಾಸ್ಟರನ್ನು ಕರೆದು ‘ಅವರ್ ಲೇಟ್ ಹೆಡ್‌ಮಾಸ್ಟರ್’ ಎಂದು ಸ್ವಾಗತಿಸಿದರೆ, ವೇದಿಕೆ ಮೇಲೆ ಕೂತಿರುವ ಆ ಹಿರಿಯರಿಗೆ ಎಷ್ಟು ನೋವಾಗಬಹುದು ಯೋಚಿಸಿ.

ನಾಲ್ಕನೆಯದು, ಎಷ್ಟು ಹಿಂದೆ ತೀರಿಕೊಂಡವರಿಗೆ ಇದು ಸಲ್ಲುತ್ತದೆ? ಇದಕ್ಕೆ ಇಷ್ಟೇ ವರ್ಷ ಎಂಬ ಗೆರೆ ಇಲ್ಲ. ಅವರನ್ನು ಕಂಡು ಬಲ್ಲವರು ಇನ್ನೂ ಇದ್ದಾರೆ ಎನ್ನುವಷ್ಟು ಹತ್ತಿರದ ಕಾಲವಾದರೆ ಸಹಜ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ತೀರಿಕೊಂಡರು, ‘ದ ಲೇಟ್’ ಸರಿಹೊಂದುತ್ತದೆ. ಅವರ ತಂದೆ ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರಲ್ಲಿ, ಅಲ್ಲಿಗೂ ಹೊಂದುತ್ತದೆ. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಮಡಿದ ಟಿಪ್ಪು ಸುಲ್ತಾನನಿಗೆ ‘ದ ಲೇಟ್’ ಹಾಕಿದರೆ ಇಂಗ್ಲಿಷ್ ಓದುಗನಿಗೆ ವಿಚಿತ್ರವಾಗಿ ಕೇಳುತ್ತದೆ. ಇತಿಹಾಸಕ್ಕೆ ಸೇರಿದವರನ್ನು ಬರೀ ಹೆಸರಿನಿಂದ ಕರೆದರೆ ಸಾಕು.

ಐದನೆಯದು, ಜಾಗದ ನಿಯಮ ಇಲ್ಲಿಗೂ ಸೇರುತ್ತದೆ. ತಂದೆ ತೀರಿಕೊಂಡಿದ್ದಾರೆ ಎನ್ನಲು ‘ಮೈ ಫಾದರ್ ಈಸ್ ಲೇಟ್’ ಅಂದರೆ ಕೇಳಿದವರು ‘ಪರವಾಗಿಲ್ಲ, ಕಾಯೋಣ’ ಅನ್ನುತ್ತಾರೆ. ಇಂಟರ್‌ವ್ಯೂಗಳಲ್ಲಿ ಈ ಸಾಲು ಬರುತ್ತಲೇ ಇರುತ್ತದೆ. ‘ಮೈ ಫಾದರ್ ಪಾಸ್ಡ್ ಅವೇ’ ಅನ್ನಿ, ವರ್ಷ ಸೇರಿಸಬೇಕಿದ್ದರೆ ಸೇರಿಸಿ. ‘ಎಕ್ಸ್‌ಪೈರ್ಡ್’ ಬೇಡ. ಅದು ಲೈಸೆನ್ಸಿಗೆ, ಔಷಧಿಗೆ ಹೊಂದುವ ಪದ. ಅಪ್ಪನ ಬಗ್ಗೆ ಹೇಳುವಾಗ ಅದಕ್ಕಿಂತ ಮೃದುವಾದ ಮಾತು ಇರಲಿ.

ಆರನೆಯದು, ಅರ್ಜಿಗಳು. ತಂದೆಯ ಹೆಸರು ಎಂಬ ಕಾಲಂನಲ್ಲಿ ‘ಲೇಟ್’ ಸೇರಿಸಬೇಡಿ, ಆನ್‌ಲೈನ್ ಫಾರ್ಮ್‌ನಲ್ಲಂತೂ ಬೇಡವೇ ಬೇಡ. ಕಂಪ್ಯೂಟರ್ ಅದನ್ನೂ ಹೆಸರಿನ ಭಾಗವೆಂದೇ ತೆಗೆದುಕೊಳ್ಳುತ್ತದೆ. ಆಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಇದಕ್ಕೂ ತಾಳೆಯಾಗದೆ ಓಡಾಡಬೇಕಾದೀತು. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ತೀರಿಕೊಂಡ ವಿಷಯ ಕೇಳಲು ಬೇರೆ ಕಾಲಂ ಇದ್ದರೆ ಅಲ್ಲಿ ಹೇಳಿ.

ಹಂತ 7: ಒಂದೇ ಥರ ಕಾಣುವ ಪದಗಳು

‘ಲೇಟ್ಲಿ’ ಅಂದರೆ ಇತ್ತೀಚೆಗೆ. ತಡವಾಗಿ ಎಂಬ ಅರ್ಥ ಅದಕ್ಕಿಲ್ಲ. ‘ಕ್ವಿಕ್’ಗೆ ‘ಕ್ವಿಕ್ಲಿ’ ಇದ್ದ ಹಾಗೆ ಎಂದುಕೊಂಡು ‘ಹಿ ಕೇಮ್ ಲೇಟ್ಲಿ’ ಎಂದು ಬರೆಯುತ್ತಾರೆ. ತಡವಾಗಿ ಬಂದ ಎನ್ನಲು ‘ಹಿ ಕೇಮ್ ಲೇಟ್’ ಸಾಕು. ಇತ್ತೀಚೆಗೆ ಅವರನ್ನು ನೋಡಿಲ್ಲ ಎನ್ನಲು ‘ಐ ಹ್ಯಾವ್ ನಾಟ್ ಸೀನ್ ಹಿಮ್ ಲೇಟ್ಲಿ’.

‘ಲೇಟರ್’, ‘ಲ್ಯಾಟರ್’, ‘ಲೆಟರ್’ ಮೂರನ್ನೂ ಜೋರಾಗಿ ಹೇಳಿ ನೋಡಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಉಚ್ಚಾರದ ವ್ಯತ್ಯಾಸ ಥಟ್ಟನೆ ಕಾಣುತ್ತದೆ. ಮೊದಲನೆಯದು ಆಮೇಲೆ, ಎರಡನೆಯದು ಇಬ್ಬರಲ್ಲಿ ಅಥವಾ ಎರಡರಲ್ಲಿ ಕೊನೆಗೆ ಹೇಳಿದ್ದು, ಮೂರನೆಯದು ಪತ್ರ. ‘ಆಫ್ ಮೈಸೂರು ಅಂಡ್ ಮಂಡ್ಯ, ದ ಲ್ಯಾಟರ್ ಈಸ್ ಕ್ಲೋಸರ್ ಟು ಬೆಂಗಳೂರು’ ಅಂದರೆ ಮಂಡ್ಯವೇ ಹತ್ತಿರ. ಮೂರು ಊರು ಹೇಳಿದಾಗ ‘ಲ್ಯಾಟರ್’ ಬರುವುದಿಲ್ಲ.

‘ಲೇಟೆಸ್ಟ್’ ಅಂದರೆ ತೀರಾ ಹೊಸದು, ‘ಲಾಸ್ಟ್’ ಅಂದರೆ ಕಟ್ಟಕಡೆಯದು. ಬದುಕಿ ಬರೆಯುತ್ತಿರುವ ಲೇಖಕರ ಹೊಸ ಪುಸ್ತಕಕ್ಕೆ ‘ಲೇಟೆಸ್ಟ್ ಬುಕ್’ ಅನ್ನಿ. ಇನ್ನು ಆಫೀಸ್ ಸರ್ಕ್ಯುಲರ್‌ಗಳ ‘ಲೇಟೆಸ್ಟ್ ಬೈ ಮಂಡೇ’. ಅದನ್ನು ‘ಬೈ ಮಂಡೇ ಅಟ್ ದ ಲೇಟೆಸ್ಟ್’ ಎಂದು ತಿರುಗಿಸಿ.

ಹಂತ 8: ಒಂದು ಪೂರ್ತಿ ಮೆಸೇಜ್ ತಿದ್ದಿ ನೋಡಿ

ಈ ಮೆಸೇಜ್ ತೆಗೆದುಕೊಳ್ಳಿ: ‘ಸರ್, ಯೆಸ್ಟರ್‌ಡೇ ಲೇಟ್ ನೈಟ್ ಐ ರೀಚ್ಡ್ ಮಂಡ್ಯ. ಟುಡೇ ಟ್ರೇನ್ ಮೇಡ್ ಲೇಟ್. ಐ ವಿಲ್ ಕಮ್ ಲೇಟ್ಲಿ. ಸಾರಿ ಫಾರ್ ಲೇಟ್. ಐ ವಿಲ್ ಸೆಂಡ್ ದ ರಿಪೋರ್ಟ್ ಲೇಟೆಸ್ಟ್ ಬೈ ಫೋರ್.’

ಮುಂದೆ ಓದುವ ಮೊದಲು ನೀವೇ ಬಲಗಡೆ ಪುಟದಲ್ಲಿ ತಿದ್ದಿ. ಐದು ವಾಕ್ಯ, ಐದರಲ್ಲೂ ತಪ್ಪಿದೆ.

ತಿದ್ದಿದ ಮೇಲೆ ಹೀಗಿರಬೇಕು: ‘ಸರ್, ಐ ರೀಚ್ಡ್ ಮಂಡ್ಯ ಲೇಟ್ ಲಾಸ್ಟ್ ನೈಟ್. ಮೈ ಟ್ರೇನ್ ಈಸ್ ರನ್ನಿಂಗ್ ಲೇಟ್ ಟುಡೇ, ಸೋ ಐ ವಿಲ್ ಬಿ ಹಾಫ್ ಆ್ಯನ್ ಅವರ್ ಲೇಟ್ ಫಾರ್ ವರ್ಕ್. ಸಾರಿ ಫಾರ್ ದ ಡಿಲೇ. ಐ ವಿಲ್ ಸೆಂಡ್ ದ ರಿಪೋರ್ಟ್ ಬೈ ಫೋರ್ ಅಟ್ ದ ಲೇಟೆಸ್ಟ್.’

ಮೂರನೇ ವಾಕ್ಯ ಎರಡನೆಯದರೊಳಗೆ ಸೇರಿಹೋಗಿ ‘ಅರ್ಧ ಗಂಟೆ’ ಎಂಬ ಲೆಕ್ಕ ಬಂದದ್ದನ್ನು ನೋಡಿದಿರಾ? ಮ್ಯಾನೇಜರ್‌ಗೆ ಮುಖ್ಯವಾಗಿ ಬೇಕಿರುವುದು ಆ ಲೆಕ್ಕ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವಸರದಲ್ಲಿ ಟೈಪ್ ಮಾಡುವಾಗ ಇಷ್ಟೆಲ್ಲಾ ಬರೆಯಲು ಆಗದಿದ್ದರೆ ‘ಐ ವಿಲ್ ಬಿ ಥರ್ಟಿ ಮಿನಿಟ್ಸ್ ಲೇಟ್ ಟುಡೇ, ಸರ್’ ಎಂಬ ಒಂದು ಸಾಲು ಮೊದಲು ಕಳಿಸಿ. ಉಳಿದದ್ದನ್ನು ರೈಲು ಹತ್ತಿ ಕೂತ ಮೇಲೆ ಬರೆಯಿರಿ.